ವಿಷಾನಿಲದಿಂದ ಪುಪ್ಪುಸಗಳನ್ನು ಕಾಪಾಡಿಕೊಳ್ಳಿ



ಕೆಲವು ತಿಂಗಳ ಹಿಂದೆ ಗೃಹಿಣಿಯೊಬ್ಬರು ಬಚ್ಚಲನ್ನು ತೊಳೆಯಲೆಂದು ಬ್ಲೀಚಿಂಗ್ ಪುಡಿಯ ಮೇಲೆ ಆಸಿಡ್ ಸುರಿದರು. ಘಾಟೆದ್ದು ಕಣ್ಣು ಉರಿಯಿತು, ಕೆಮ್ಮು ಬಂದಿತು. ಹೊರಗೆ ಬಂದು ಕುಳಿತ ಮೇಲೆ ಕೆಮ್ಮು ಇಳಿಯಿತು. ಮನೆಯವರು ಹಾಲು ಕುಡಿಸಿ ಮಲಗಿಸಿದರು. ನಡುರಾತ್ರಿಯಲ್ಲಿ ಆಕೆಗೆ ಉಸಿರು ಕಟ್ಟತೊಡಗಿತು. ಪತಿಯು ಬೆಳಗಾಗುವವರೆಗೆ ಕಾಯದೆ ನಮ್ಮಲ್ಲಿಗೆ ಕರೆತಂದುದರಿಂದ ಆಕೆಯ ಪ್ರಾಣ ಉಳಿಯಿತು.

ಹೀಗೇಕಾಯಿತು? ಬ್ಲೀಚಿಂಗ್ ಪುಡಿಯೂ ಆಸಿಡ್ಡೂ ಸೇರಿದಾಗ ಕ್ಲೋರಿನ್ ಎಂಬ ವಿಷಾನಿಲ ಹೊರಡುತ್ತದೆ. ಅದು ಉಸಿರಿನ ನಾಳಗಳ ತೇವದೊಡನೆ ಬೆರೆತು ಆಮ್ಲವಾಗಿ ಒಳಪೊರೆಯನ್ನು ಸುಡುತ್ತದೆ. ಪುಪ್ಪುಸದೊಳಗಿನ ಸೂಕ್ಷ್ಮ ಗಾಳಿಚೀಲಗಳು ಊದಿಕೊಂಡು, ಅವುಗಳಲ್ಲಿ ನೀರು ಜಿನುಗಿ ತುಂಬುತ್ತದೆ. ಇದಕ್ಕೆ ಕೆಲವು ಗಂಟೆಗಳು ಹಿಡಿಯಬಹುದು. ಆದುದರಿಂದ ಕೆಮ್ಮು ನಿಂತಿತೆಂದರೆ ಅಪಾಯ ಕಳೆಯಿತೆಂದು ಭಾವಿಸಬಾರದು. ನಾನು ಮುಖ್ಯವಾಗಿ ಹೇಳಬಯಸುವುದು ಇದನ್ನೇ.

1984ರ ಡಿಸೆಂಬರ್ 2ರ ನಡುರಾತ್ರಿ ಭೋಪಾಲದ ಕೀಟನಾಶಕ ಕಾರ್ಖಾನೆಯಿಂದ ಮೀಥೈಲ್ ಐಸೋಸಯನೇಟ್ ಎಂಬ ಅನಿಲ ಸೋರಿ ಸಾವಿರಾರು ಜನರು ಮಡಿದರು. ಅವರಲ್ಲಿ ಅನೇಕರ ಪುಪ್ಪುಸಗಳು ಹೀಗೆಯೇ ನೀರು ತುಂಬಿದ್ದವು. ಬದುಕುಳಿದವರಲ್ಲಿ ಬಹುಮಂದಿ ವರ್ಷಗಟ್ಟಲೆ ಉಬ್ಬಸದಿಂದ ನರಳಿದರು. ಅನಿಲ ಸೇವಿಸಿದ ಗರ್ಭಿಣಿಯರಲ್ಲಿ ಗರ್ಭಸ್ರಾವಗಳು ಹೆಚ್ಚಿದುದೂ ದಾಖಲಾಗಿದೆ.

ಕಾರ್ಖಾನೆಯಿಲ್ಲದ ಹಳ್ಳಿಯಲ್ಲಿಯೂ ವಿಷಾನಿಲದ ಭಯ ಇಲ್ಲದಿಲ್ಲ. ಕಾಳಿಗೆ ಹುಳು ಬೀಳದಂತೆ ಇಡುವ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆಯನ್ನೇ ನೋಡಿರಿ. ಗಾಳಿಯ ತೇವ ತಗುಲಿದೊಡನೆ ಅದರಿಂದ ಫಾಸ್ಫೀನ್ ಅನಿಲ ಹೊರಡುತ್ತದೆ. 3 ಗ್ರಾಂ ತೂಕದ ಒಂದು ಮಾತ್ರೆಯಿಂದ ಸುಮಾರು 1 ಗ್ರಾಂ ಅನಿಲ ಬರುತ್ತದೆ. ಅದು ಪುಪ್ಪುಸಕ್ಕೂ ಹೃದಯಕ್ಕೂ ಘಾತಕ, ಅದಕ್ಕೆ ಪ್ರತಿವಿಷವಿಲ್ಲ. ಮನುಷ್ಯರು ಮಲಗುವ ಮನೆಯಲ್ಲಿ ಈ ಮಾತ್ರೆಯನ್ನು ಎಂದಿಗೂ ಇಡಬೇಡಿ. ಕಾಳನ್ನು ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ, ಒಣಗಿದ ಬೇವಿನ ಸೊಪ್ಪು ಸೇರಿಸಿ, ಮುಚ್ಚಳ ಭದ್ರವಾಗಿರುವ ಡಬ್ಬಿಯಲ್ಲಿ ಶೇಖರಿಸಿರಿ.

ಅವಘಡ ನಡೆದಾಗ ಹೀಗೆ ಮಾಡಿರಿ:

1. ರೋಗಿಯನ್ನು ಕೂಡಲೇ ಬಯಲಿಗೆ, ಗಾಳಿ ಬೀಸಿಬರುವ ಕಡೆಗೆ ಕರೆತನ್ನಿರಿ. ಅನಿಲ ತುಂಬಿದ ಕೋಣೆಗಾಗಲಿ ಗುಂಡಿಗಾಗಲಿ ಆತುರದಿಂದ ನುಗ್ಗಬೇಡಿ. ಹಾಗೆ ನುಗ್ಗಿದವರೂ ಪ್ರಾಣ ಕಳೆದುಕೊಂಡ ಪ್ರಸಂಗಗಳಿವೆ.

2. ಬಿಗಿಯುಡುಪು ಸಡಿಲಿಸಿ, ಬೆನ್ನಿಗೆ ಆಸರೆ ಕೊಟ್ಟು ಕೂರಿಸಿರಿ. ನಡೆದಾಡಿಸಬೇಡಿ.

3. ಕಣ್ಣು ಉರಿಯುತ್ತಿದ್ದರೆ ಶುದ್ಧ ನೀರಿನಿಂದ 15 ನಿಮಿಷ ತೊಳೆಯಿರಿ.

4. ಹಾಲು, ನಿಂಬೆರಸ, ಮದ್ದಿನ ಕಷಾಯ ಯಾವುದನ್ನೂ ಕುಡಿಸಬೇಡಿ. ಪುಪ್ಪುಸಕ್ಕೆ ಸೇರಿದ ವಿಷವನ್ನು ಇವು ತೆಗೆಯಲಾರವು.

5. 108ಕ್ಕೆ ಕರೆ ಮಾಡಿರಿ. ಪುಡಿಯ ಅಥವಾ ಔಷಧಿಯ ಪೊಟ್ಟಣದ ಹೆಸರನ್ನೂ, ಅನಿಲ ಸೇವಿಸಿದ ಹೊತ್ತನ್ನೂ ವೈದ್ಯರಿಗೆ ತಿಳಿಸಿರಿ.

ಆಸ್ಪತ್ರೆಯಲ್ಲಿ ಆಮ್ಲಜನಕ ಕೊಟ್ಟು, ಉಸಿರಿನ ನಾಳಗಳು ಬಿಗಿದಿದ್ದರೆ ಅವನ್ನು ಸಡಿಲಿಸುವ ಮದ್ದನ್ನು ಆವಿಯ ರೂಪದಲ್ಲಿ ನೀಡುತ್ತೇವೆ. ಅವಶ್ಯವಾದರೆ ಯಂತ್ರದ ನೆರವಿನಿಂದ ಉಸಿರಾಡಿಸಲಾಗುತ್ತದೆ. "ಒಂದು ದಿನ ಇಲ್ಲಿಯೇ ಇರಿ" ಎಂದು ವೈದ್ಯರು ಹೇಳಿದರೆ ಮನೆಗೆ ಹೋಗಲು ಅವಸರಪಡಬೇಡಿ.

ಇಂದು ಸಂಜೆ ಪತಿಪತ್ನಿಯರು ಕೂಡಿ ಒಂದು ಕೆಲಸ ಮಾಡಿರಿ. ಆಸಿಡ್ಡನ್ನೂ ಬ್ಲೀಚಿಂಗ್ ಪುಡಿಯನ್ನೂ ಮಕ್ಕಳ ಕೈಗೆಟುಕದಂತೆ ಬೇರೆ ಬೇರೆ ಕಡೆ ಇಡಿರಿ. ಆಮ್ಲಜನಕದ ಸೌಕರ್ಯವುಳ್ಳ ಹತ್ತಿರದ ಆಸ್ಪತ್ರೆ ಯಾವುದೆಂದು ಆರೋಗ್ಯ ಸಹಾಯಕಿಯವರಿಂದ ಕೇಳಿ ತಿಳಿದುಕೊಳ್ಳಿರಿ. ಆಪತ್ತು ಬಂದ ರಾತ್ರಿ ವಿಚಾರಿಸುತ್ತ ಕೂರಲು ಸಮಯವಿರುವುದಿಲ್ಲ.