ತುರ್ತು ನಿಧಿಗೆ ಬೇರೆ ಖಾತೆ ಬೇಕು



ಮಳೆಗಾಲದಲ್ಲಿ ಶಿರಾಡಿ ಘಾಟಿ ಕುಸಿದರೆ ಮಂಗಳೂರಿನಿಂದ ಬೆಂಗಳೂರಿಗೆ ಸುಮಾರು 350 ಕಿಲೋಮೀಟರ್ ದಾರಿ ಇನ್ನೂ ಉದ್ದವಾಗುತ್ತದೆ. ಆಗ ಏರ್ ಆಂಬ್ಯುಲೆನ್ಸ್‌ಗೆ ನೆರವು ಕೇಳಿ ಮನೆಯವರು ಬರುತ್ತಾರೆ. ನಾವು ಮೊದಲು ಕೇಳುವುದು: ಹಾರಲು ವೈದ್ಯರು ಒಪ್ಪಿದ್ದಾರೆಯೇ? ಅಲ್ಲಿ ಹಾಸಿಗೆ ಖಚಿತವೇ? ಮೇಲೇರಿದಂತೆ ಒತ್ತಡ ಇಳಿದು, ಎದೆಗೂಡಿನಲ್ಲಿ ಸಿಕ್ಕಿಕೊಂಡ ಗಾಳಿ ಹಿಗ್ಗುತ್ತದೆ. (ಮೇಷ್ಟರ ಪಾಠವೆಂದು ಬೇಸರಿಸಬೇಡಿ.) ಬಜ್ಪೆಯ ನಿಲ್ದಾಣದವರೆಗೂ, ಬೆಂಗಳೂರಿನಲ್ಲಿ ಇಳಿದ ಮೇಲೂ ರಸ್ತೆಯ ಆಂಬ್ಯುಲೆನ್ಸ್ ಬೇಕೇ ಬೇಕು.

ಒಂದು ಹಾರಾಟಕ್ಕೆ ಲಕ್ಷಗಟ್ಟಲೆ ಖರ್ಚು. ಮಕ್ಕಳ ವಿದ್ಯಾರ್ಥಿವೇತನಕ್ಕೆಂದು ನೀವು ಕೊಟ್ಟದ್ದನ್ನು ಅದಕ್ಕೆ ತೆಗೆಯುವಂತಿಲ್ಲ. ಹಾಗೆಂದು ಒಬ್ಬ ತಂದೆಗೆ 'ಇಲ್ಲ' ಎಂದೆವು. ಅಂದು ನಮಗಾರಿಗೂ ನಿದ್ದೆ ಬರಲಿಲ್ಲ. ಈ ಸಲ ಕೊಡುವಾಗ ರಸೀದಿಯಲ್ಲಿ 'ತುರ್ತು ನಿಧಿ' ಎಂದು ಬೇರೆಯಾಗಿ ಬರೆಸಿ.