ಊರಿಗೊಂದು ದಾರಿ, ಪೋರನಿಗೊಂದು ದಾರಿ

(ಕಾರ್ಡಾಟದಲ್ಲಿ ಆಸಕ್ತಿಯುಳ್ಳ ಯುವಕ ಯುವತಿಯರ ಕೂಟವೊಂದರಲ್ಲಿ ನಮ್ಮ ವರದಿಗಾರರು ಮಾಡಿದ ಭಾಷಣದ ಪಠ್ಯ)

ಇಸ್ಪೀಟು ಆಡುವವರಿಗೆಲ್ಲ ಒಂದು ಸಮಾಧಾನವಿದೆ. ಸೋತರೆ ಎಲೆಯನ್ನು ಬೈಯಬಹುದು. ‘ಒಂದಾದರೂ ಒಳ್ಳೆಯ ಎಲೆ ಬರಬಾರದೇ?’ ಎಂದು ಹಣೆ ಚಚ್ಚಿಕೊಳ್ಳಬಹುದು. ಕಟ್ಟು ಎಲ್ಲರಿಗೂ ಒಂದೇ, ಎಲೆ 52, ಉಳಿದದ್ದು ಕಲಸಿ ಹಂಚಿದವನ ಕೈಗುಣ. ನಾನು ಇವತ್ತು ಹೇಳಹೊರಟಿರುವ ಆಟದಲ್ಲಿ ಈ ಸಮಾಧಾನ ಅರ್ಧ ಮಾತ್ರ ಉಂಟು. ಇಲ್ಲಿ ಪ್ರತಿ ಆಟಗಾರನೂ ತನ್ನ ಕಟ್ಟನ್ನು ತಾನೇ ಮನೆಯಲ್ಲಿ ಕಟ್ಟಿಕೊಂಡು ಬರುತ್ತಾನೆ. ಯಾವ ಕಾರ್ಡು ಬೇಕು, ಯಾವುದು ಬೇಡ, ಎಷ್ಟು ಬೇಕು ಎಂಬುದೆಲ್ಲ ಅವನದೇ ತೀರ್ಮಾನ. ಆಟದ ಅರ್ಧ ಭಾಗ ಮೇಜಿನ ಮುಂದೆ ಕೂರುವ ಮೊದಲೇ ಮುಗಿದಿರುತ್ತದೆ.

ಈ ಬಗೆಯ ಆಟಗಳಿಗೆ ‘ಟ್ರೇಡಿಂಗ್ ಕಾರ್ಡ್ ಗೇಮ್’ ಎಂದು ಹೆಸರು. ಇವುಗಳ ಹಿರಿಯಣ್ಣ ‘ಮ್ಯಾಜಿಕ್: ದಿ ಗ್ಯಾದರಿಂಗ್’. ಅಮೆರಿಕದ ಗಣಿತಜ್ಞ ರಿಚರ್ಡ್ ಗಾರ್ಫೀಲ್ಡ್ ರೂಪಿಸಿದ ಈ ಆಟವನ್ನು ವಿಝರ್ಡ್ಸ್ ಆಫ್ ದಿ ಕೋಸ್ಟ್ ಎಂಬ ಕಂಪನಿ 1993ರಲ್ಲಿ ಮಾರುಕಟ್ಟೆಗೆ ತಂದಿತು. 1996ರಲ್ಲಿ ನ್ಯೂಯಾರ್ಕಿನಲ್ಲಿ ಮೊದಲ ‘ಪ್ರೊ ಟೂರ್’ ನಡೆದು, ಬಹುಮಾನದ ಹಣಕ್ಕಾಗಿ ಆಡುವ ವೃತ್ತಿಪರ ಪಂದ್ಯಗಳು ಶುರುವಾದವು. ಇಂದು ಈ ಆಟದಲ್ಲಿ 25 ಸಾವಿರಕ್ಕೂ ಹೆಚ್ಚು ಬಗೆಯ ಕಾರ್ಡುಗಳಿವೆ. ಅಷ್ಟರಲ್ಲಿ ಅರುವತ್ತನ್ನು ಆರಿಸಬೇಕು. ಆರಿಸುವಾಗ ಕೆಲವರು ಲೋಕವೆಲ್ಲ ನಗುವಂಥ ಆಯ್ಕೆ ಮಾಡುತ್ತಾರೆ. ಆ ವಿಚಿತ್ರ ಆಯ್ಕೆಗಳನ್ನು ಅರ್ಥ ಮಾಡಿಕೊಳ್ಳುವುದು ಹೇಗೆ ಎಂಬುದೇ ನನ್ನ ವಿಷಯ.

ಮೊದಲು ವಾಡಿಕೆ

ವಿಚಿತ್ರ ಯಾವುದೆಂದು ತಿಳಿಯಬೇಕಾದರೆ ವಾಡಿಕೆ ಏನೆಂದು ತಿಳಿದಿರಬೇಕು. ಆಟ ಹೊಸದಾಗಿ ಬಂದಾಗ ಕಟ್ಟಿನಲ್ಲಿ ಕನಿಷ್ಠ 40 ಕಾರ್ಡಿದ್ದರೆ ಸಾಕಿತ್ತು. ಒಂದೇ ಕಾರ್ಡನ್ನು ಎಷ್ಟು ಬೇಕಾದರೂ ತುಂಬಬಹುದಿತ್ತು. ಇದರಿಂದ ಆಟ ಕೆಡುತ್ತದೆಂದು ಗೊತ್ತಾದ ಮೇಲೆ ಪಂದ್ಯಗಳಿಗೆ ಹೊಸ ನಿಯಮ ಬಂತು: ಕನಿಷ್ಠ 60 ಕಾರ್ಡು, ಮೂಲ ಭೂಮಿ ಕಾರ್ಡುಗಳನ್ನು ಬಿಟ್ಟು ಬೇರಾವ ಕಾರ್ಡಿನದೂ ನಾಲ್ಕಕ್ಕಿಂತ ಹೆಚ್ಚು ಪ್ರತಿ ಇರಕೂಡದು.

ಅರುವತ್ತು ‘ಕನಿಷ್ಠ’ ಎಂದಿದ್ದರೂ ಬಹುತೇಕ ಎಲ್ಲರೂ ಸರಿಯಾಗಿ ಅರುವತ್ತನ್ನೇ ಇಡುತ್ತಾರೆ. ಕಾರಣ ಸರಳ ಗಣಿತ. ಆಟದ ಆರಂಭದಲ್ಲಿ ಏಳು ಕಾರ್ಡು ಕೈಗೆ ಬರುತ್ತವೆ. ನಿಮ್ಮ ಅತ್ಯುತ್ತಮ ಕಾರ್ಡಿನ ನಾಲ್ಕು ಪ್ರತಿ ಇಟ್ಟಿದ್ದೀರಿ ಎನ್ನಿ. 60ರ ಕಟ್ಟಿನಲ್ಲಿ ಮೊದಲ ಏಳರಲ್ಲೇ ಅದರ ಒಂದು ಪ್ರತಿಯಾದರೂ ಸಿಗುವ ಸಂಭವ ಶೇ. 40ರಷ್ಟು. ಕಟ್ಟನ್ನು 80ಕ್ಕೆ ಏರಿಸಿದರೆ ಅದು ಶೇ. 31ಕ್ಕೆ ಇಳಿಯುತ್ತದೆ. ಸಾರಿಗೆ ನೀರು ಬೆರೆಸಿದ ಹಾಗೆ. ಆದ್ದರಿಂದಲೇ ‘ಅರುವತ್ತೇ ಇಡು, ಒಳ್ಳೆಯದನ್ನು ನಾಲ್ಕು ಇಡು’ ಎಂಬುದು ಈ ಆಟದ ಮೊದಲ ಪಾಠ.

ಎರಡನೆಯ ಪಾಠ ಭೂಮಿಯದು. ‘ಮಾನಾ’ ಎಂಬ ಶಕ್ತಿ ಕೊಡುವ ಭೂಮಿ ಕಾರ್ಡುಗಳಿಂದಲೇ ಉಳಿದ ಕಾರ್ಡುಗಳ ಬೆಲೆ ತೆರಬೇಕು. ಸರದಿಗೊಂದೇ ಭೂಮಿ ಇಡಬಹುದು. ಹಾಗಾಗಿ ಮೊದಲ ಸರದಿಗೆ ಒಂದು ಮಾನಾ, ಎರಡನೆಯದಕ್ಕೆ ಎರಡು, ಹೀಗೆ ಬೆಳೆಯುತ್ತದೆ. ಅರುವತ್ತರಲ್ಲಿ ಸುಮಾರು 24 ಭೂಮಿ ಇಡುವುದು ರೂಢಿ. ಎದುರಾಳಿಗಿರುವ 20 ಪ್ರಾಣಾಂಕವನ್ನು ಸೊನ್ನೆಗೆ ಇಳಿಸಿದವರು ಗೆದ್ದಂತೆ.

ದುರ್ಬಲ ಕಾರ್ಡಿನ ಬಲ

ಈಗ ಪೋರನ ದಾರಿಗೆ ಬರೋಣ. 1996ರಲ್ಲಿ ಅಟ್ಲಾಂಟಾದ ಒಂದು ಅರ್ಹತಾ ಪಂದ್ಯದಲ್ಲಿ ಪಾಲ್ ಸ್ಲೈ ಎಂಬ ಆಟಗಾರ ಎರಡನೆಯ ಸ್ಥಾನ ಪಡೆದ. ಕಟ್ಟಿನ ಹಿಂದಿನ ತಲೆ ಜೇ ಷ್ನೈಡರ್ ಎಂಬುವನದು. ಅದರಲ್ಲಿದ್ದ ಕಾರ್ಡುಗಳ ಪಟ್ಟಿ ನೋಡಿದವರು ಬೆರಗಾದರು. ಅದರಲ್ಲಿ ‘ಐರನ್‌ಕ್ಲಾ ಆರ್ಕ್ಸ್’ ಎಂಬ ಜೀವಿಯೊಂದಿತ್ತು. ಎರಡು ಮಾನಾ ಕೊಟ್ಟರೆ ಬರುವ ಅದಕ್ಕೆ ಬಲ ಎರಡೇ. ಸಾಲದೆಂಬಂತೆ, ಎರಡು ಅಥವಾ ಹೆಚ್ಚು ಬಲವಿರುವ ಜೀವಿಯನ್ನು ಅದು ತಡೆಯಲಾರದು! ಕೊಳ್ಳುವವರು ಪೊಟ್ಟಣ ಒಡೆದು ಪಕ್ಕಕ್ಕೆಸೆಯುತ್ತಿದ್ದ ಜಾತಿಯ ಕಾರ್ಡು ಅದು. ‘ಎಲ್ಲ ಬಿಟ್ಟ ಮಗ ಭಂಗಿ ನೆಟ್ಟ’ ಎಂದು ಯಾರಾದರೂ ಹೇಳಿಯಾರು.

ಷ್ನೈಡರ್‌ನ ಲೆಕ್ಕ ಬೇರೆಯಿತ್ತು. ಮೊದಲ ನಾಲ್ಕು ಸರದಿಗಳಲ್ಲಿ ಒಟ್ಟು ಸಿಗುವ ಮಾನಾ 1+2+3+4, ಅಂದರೆ 10. ಐದು ಮಾನಾದ ದೊಡ್ಡ ಕಾರ್ಡಿಗೆ ಕಾಯುತ್ತ ಕೂತವನು ಆ ಹತ್ತನ್ನೂ ಚರಂಡಿಗೆ ಸುರಿದಂತೆ. ಪ್ರತಿ ಸರದಿಯಲ್ಲೂ ಇರುವಷ್ಟನ್ನೂ ಖರ್ಚು ಮಾಡುವ ಹಾಗೆ ಬೆಲೆಗಳನ್ನು ಹೊಂದಿಸಿದರೆ ಸಾಮಾನ್ಯ ಕಾರ್ಡುಗಳೇ ಒಟ್ಟಾಗಿ ದೊಡ್ಡ ಕಾರ್ಡನ್ನು ಮೀರಿಸುತ್ತವೆ. ದಾಳಿಯೇ ಉದ್ದೇಶವಾದಾಗ, ಆ ಜೀವಿಗೆ ತಡೆಯಲು ಬಾರದೆಂಬ ಕುಂದು ಅಷ್ಟು ಬಾಧಿಸುವುದಿಲ್ಲ. ‘ಮಾನಾ ಕರ್ವ್’ ಎಂದು ಇಂದು ಎಲ್ಲರೂ ಕಲಿಯುವ ಪಾಠ ಹೆಸರುವಾಸಿಯಾದದ್ದು ಈ ಕಟ್ಟಿನಿಂದ. ಇಂಥ ಕಟ್ಟುಗಳಿಗೆ ಈಗಲೂ ‘ಸ್ಲೈ’ ಎಂದೇ ಹೆಸರು. ಷ್ನೈಡರ್ ಬಿಡಿ ಕಾರ್ಡಿಗೆ ಬೆಲೆ ಕಟ್ಟಲಿಲ್ಲ, ಇಡೀ ಕಟ್ಟಿಗೆ ಕಟ್ಟಿದ.

ಇದಕ್ಕೆ ತದ್ವಿರುದ್ಧವಾದ ಉದಾಹರಣೆ ಕ್ಯಾಲಿಫೋರ್ನಿಯಾದ ಬ್ರಯಾನ್ ವೈಸ್‌ಮನ್‌ನದು. 1990ರ ದಶಕದ ಮಧ್ಯದಲ್ಲಿ ಅವನು ಕಟ್ಟಿದ ಕಟ್ಟು ‘ದಿ ಡೆಕ್’ ಎಂದೇ ಪ್ರಸಿದ್ಧವಾಯಿತು. ಅದರಲ್ಲಿ ಗೆಲ್ಲಲು ಇಟ್ಟಿದ್ದ ಜೀವಿಗಳು ಎರಡೇ, ‘ಸೆರ್ರಾ ಏಂಜೆಲ್’ನ ಎರಡು ಪ್ರತಿ. ಉಳಿದದ್ದೆಲ್ಲ ತಡೆಯುವುದು, ನಾಶ ಮಾಡುವುದು, ಹೆಚ್ಚು ಕಾರ್ಡು ಸೆಳೆಯುವುದು. ‘ಎರಡೇ ಎರಡು ದೇವತೆ ನಂಬಿ ಯುದ್ಧಕ್ಕೆ ಹೊರಟನೇ?’ ಎಂದು ಕೇಳಬಹುದು. ವೈಸ್‌ಮನ್‌ನ ಯೋಚನೆ ಹೀಗಿತ್ತು: ಎದುರಾಳಿಯ ಕೈ ಬರಿದಾಗಿ ನನ್ನ ಕೈ ತುಂಬಿದ್ದರೆ ಗೆಲುವಿಗೆ ಅವಸರವಿಲ್ಲ. ಏಂಜೆಲ್‌ನ ಬಲ ನಾಲ್ಕು, ಐದು ಏಟಿಗೆ 20 ಮುಗಿಯಿತು. ದಾಳಿ ಮಾಡಿದ ಮೇಲೂ ಅದು ಕಾವಲಿಗೆ ನಿಲ್ಲಬಲ್ಲದು. ಎರಡಕ್ಕಿಂತ ಹೆಚ್ಚು ಯಾಕೆ ಬೇಕು?

ಒಂದೇ ಪ್ರತಿ ಇಡುವವರ ಗುಟ್ಟೂ ಇಂಥದೇ. ಒಂದೇ ಪ್ರತಿ ಇದ್ದರೆ ಮೊದಲ ಏಳರಲ್ಲಿ ಸಿಗುವ ಸಂಭವ ಶೇ. 12ಕ್ಕೂ ಕಡಿಮೆ. ಆದರೆ ಕಟ್ಟಿನಿಂದ ಬೇಕಾದ ಕಾರ್ಡನ್ನು ಹುಡುಕಿ ತೆಗೆಯುವ ನಾಲ್ಕು ಕಾರ್ಡು ಜತೆಗಿದ್ದರೆ ಆ ಒಂದು, ಐದರಂತೆ ಕೆಲಸ ಮಾಡುತ್ತದೆ. ಕಾರಣ ಕೇಳದವನಿಗೆ ಅದು ಎಡವಟ್ಟಿನಂತೆ ಕಾಣುತ್ತದೆ.

ನಿಯಮವನ್ನೇ ಪ್ರಶ್ನಿಸುವವರು

ಕೆಲವು ಕಟ್ಟುಗಳು ವಾಡಿಕೆಯ ಬುಡಕ್ಕೇ ಕೈ ಹಾಕುತ್ತವೆ. 2001ರ ‘ಒಡಿಸ್ಸಿ’ ಸರಣಿಯಲ್ಲಿ ‘ಬ್ಯಾಟಲ್ ಆಫ್ ವಿಟ್ಸ್’ ಎಂಬ ಕಾರ್ಡು ಬಂತು. ಅದು ಮೇಜಿನ ಮೇಲಿದ್ದು, ನಿಮ್ಮ ಸರದಿ ಶುರುವಾದಾಗ ಕಟ್ಟಿನಲ್ಲಿ 200 ಅಥವಾ ಹೆಚ್ಚು ಕಾರ್ಡು ಉಳಿದಿದ್ದರೆ ನೀವು ಗೆದ್ದಿರಿ! ಕೂಡಲೇ ಕೆಲವರು 240ರಷ್ಟು ಕಾರ್ಡಿನ ಕಟ್ಟು ಹೊತ್ತು ಬಂದರು. ಕಲಸುವುದೇ ಒಂದು ಕಸರತ್ತು. ಅಷ್ಟು ದೊಡ್ಡ ಕಟ್ಟಿನಲ್ಲಿ ನಾಲ್ಕು ಪ್ರತಿಯ ಕಾರ್ಡು ಮೊದಲ ಕೈಗೆ ಸಿಗುವ ಸಂಭವ ಶೇ. 11ರಷ್ಟೇ. ಆದ್ದರಿಂದ ಹುಡುಕಿ ತೆಗೆಯುವ ಕಾರ್ಡುಗಳನ್ನೇ ಯಥೇಚ್ಛ ತುಂಬಬೇಕಾಯಿತು. ನಷ್ಟ ಗೊತ್ತಿದ್ದೇ ಹೂಡಿದ ಬಂಡವಾಳ ಅದು.

2020ರಲ್ಲಿ ಬಂದ ‘ಯೋರಿಯನ್’ ಎಂಬ ಕಾರ್ಡಿನದು ಇನ್ನೂ ನಾಜೂಕಾದ ವ್ಯಾಪಾರ. ಕನಿಷ್ಠಕ್ಕಿಂತ 20 ಕಾರ್ಡು ಹೆಚ್ಚಿಟ್ಟರೆ ಯೋರಿಯನ್ ಕಟ್ಟಿನ ಹೊರಗೆ ಸಂಗಾತಿಯಾಗಿ ಕಾದಿರುತ್ತದೆ. ಬೇಕೆಂದಾಗ ಸಿಗುವುದು ಖಚಿತ. ನಾನು ಆಗಲೇ ಹೇಳಿದ ಶೇ. 40 ಮತ್ತು ಶೇ. 31ರ ಅಂತರವೇ ಇದರ ಬೆಲೆ. ಆ ಬೆಲೆ ತೆತ್ತು ಏಳರ ಜತೆಗೆ ಎಂಟನೆಯದೊಂದನ್ನು ಖಾತ್ರಿ ಮಾಡಿಕೊಳ್ಳುವುದು ಲಾಭವೆಂದು ಎಷ್ಟೋ ಆಟಗಾರರು ಕಂಡುಕೊಂಡರು. 2022ರಲ್ಲಿ ‘ಮಾಡರ್ನ್’ ಎಂಬ ಪಂದ್ಯವಿಭಾಗದಲ್ಲಿ ಇದನ್ನು ನಿಷೇಧಿಸಲಾಯಿತು. ದಪ್ಪ ಕಟ್ಟು ಕಟ್ಟುವವನು ದಡ್ಡನೆಂಬ ಮಾತಿಗೆ ಇದಕ್ಕಿಂತ ಉತ್ತರ ಬೇಕೇ?

ಇನ್ನೊಂದು ಕಟ್ಟಿನಲ್ಲಿ ಭೂಮಿಯೇ ಇಲ್ಲ. 2005ರಲ್ಲಿ ‘ಡ್ರೆಜ್’ ಎಂಬ ಗುಣವುಳ್ಳ ಕಾರ್ಡುಗಳು ಬಂದವು. ಇವು ಆಡಿ ಮುಗಿದ ಕಾರ್ಡುಗಳ ರಾಶಿಯಲ್ಲಿ, ಆಟದ ಭಾಷೆಯಲ್ಲಿ ‘ಸ್ಮಶಾನ’ದಲ್ಲಿ, ಬಿದ್ದಿರಬೇಕು. ಆಗ ಹೊಸ ಕಾರ್ಡು ಸೆಳೆಯುವ ಬದಲು ಕಟ್ಟಿನ ಮೇಲಿನ ಹಲವು ಕಾರ್ಡುಗಳನ್ನು ಸ್ಮಶಾನಕ್ಕೆ ಸುರಿದು ಇದನ್ನು ಕೈಗೆ ಮರಳಿ ಪಡೆಯಬಹುದು. ಸ್ಮಶಾನದಿಂದಲೇ ಎದ್ದು ಬಂದು ಕಾದುವ ಜೀವಿಗಳು ಬೇರೆ ಇವೆ. ಹಾಗಾದರೆ ಮಾನಾ ಯಾಕೆ, ಭೂಮಿ ಯಾಕೆ? ಆದರೆ ಮೊದಲ ಕಾರ್ಡು ಸ್ಮಶಾನ ಸೇರುವುದು ಹೇಗೆ? ಅದಕ್ಕೊಂದು ಉಪಾಯವುಂಟು. ಎರಡನೆಯವನಾಗಿ ಆಡುವವನು ತನ್ನ ಮೊದಲ ಸರದಿಯಲ್ಲೇ ಒಂದು ಕಾರ್ಡು ಸೆಳೆಯುತ್ತಾನೆ, ಕೈಯಲ್ಲಿ ಎಂಟಾಗುತ್ತದೆ. ಏಳಕ್ಕಿಂತ ಹೆಚ್ಚಿದ್ದರೆ ಸರದಿಯ ಕೊನೆಗೆ ಒಂದನ್ನು ಬಿಸಾಡಲೇಬೇಕು. ಬಿಸಾಡಿದ್ದೇ ಬಿತ್ತನೆ! ಬಹುತೇಕ ಎಲ್ಲರೂ ತಾವು ಮೊದಲು ಆಡಬೇಕೆಂದು ಹಾತೊರೆಯುವ ಆಟದಲ್ಲಿ ಇವನು ಬೇಕೆಂದೇ ಎರಡನೆಯವನಾಗುತ್ತಾನೆ. ಈ ಕಟ್ಟಿಗೂ ಕಂಟಕವುಂಟು. ಪ್ರತಿ ಆಟಗಾರನೂ 15 ಕಾರ್ಡುಗಳನ್ನು ಪಕ್ಕದಲ್ಲಿಟ್ಟುಕೊಂಡು ಆಟದಿಂದ ಆಟಕ್ಕೆ ಬದಲಿಸಬಹುದು. ಅದರಲ್ಲಿ ಸ್ಮಶಾನವನ್ನೇ ಅಳಿಸುವ ಕಾರ್ಡಿದ್ದರೆ ಮುಗಿಯಿತು.

ಎದುರಿಗೆ ಯಾರಿದ್ದಾರೆ?

ಕಟ್ಟಿನ ಲೆಕ್ಕ ಕಟ್ಟಿನೊಳಗೇ ಮುಗಿಯುವುದಿಲ್ಲ. ಎದುರಿಗೆ ಕೂರುವವರನ್ನು ನೋಡಿ ಕಟ್ಟಬೇಕು. 1995ರಲ್ಲಿ ‘ನೆಕ್ರೊಪೊಟೆನ್ಸ್’ ಎಂಬ ಕಪ್ಪು ಕಾರ್ಡು ಬಂತು. ಅದನ್ನು ಆಡಿದವನು ಸರದಿಗೊಂದು ಸೆಳೆಯುವ ಹಕ್ಕು ಕಳೆದುಕೊಳ್ಳುತ್ತಾನೆ. ಬದಲಿಗೆ ತನ್ನ ಪ್ರಾಣಾಂಕ ಒಂದೊಂದನ್ನೇ ಕೊಟ್ಟು ಒಂದೊಂದು ಕಾರ್ಡು ಕೊಳ್ಳುತ್ತಾನೆ. ತನ್ನ ಪ್ರಾಣವನ್ನೇ ಮಾರುವ ಈ ಕಾರ್ಡಿನ ಶಕ್ತಿ ಅನೇಕರಿಗೆ ಮೊದಲಿಗೆ ತಿಳಿಯಲೇ ಇಲ್ಲ. ಪ್ರಾಣಾಂಕವೂ ಖರ್ಚು ಮಾಡುವ ನಾಣ್ಯ, ಕೊನೆಯ ಒಂದು ಉಳಿದರೆ ಸಾಕು ಎಂಬುದು ಹೊಳೆದ ಮೇಲೆ 1996ರ ಬೇಸಿಗೆಯ ಪಂದ್ಯಗಳೆಲ್ಲ ಕಪ್ಪುಮಯವಾದವು. ಆ ಕಾಲವನ್ನು ಆಟಗಾರರು ‘ಕಪ್ಪು ಬೇಸಿಗೆ’ ಎಂದೇ ಕರೆಯುತ್ತಾರೆ. ಆಗ, ಕಪ್ಪು ಕಾರ್ಡುಗಳಿಂದ ರಕ್ಷಣೆಯಿದ್ದ ‘ವೈಟ್ ನೈಟ್’ನಂಥ ಎರಡು ಮಾನಾದ ಸಾದಾ ಜೀವಿಗೆ ಚಿನ್ನದ ಬೆಲೆ ಬಂತು. ಬೇರೆ ಕಾಲದಲ್ಲಾಗಿದ್ದರೆ ಆ ರಕ್ಷಣೆ ಬರೀ ಅಲಂಕಾರ.

ಅದೇ 1996ರಲ್ಲಿ ಸಿಯಾಟಲ್‌ನಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್ಪನ್ನು ಆಸ್ಟ್ರೇಲಿಯಾದ ಟಾಮ್ ಚಾನ್‌ಫೆಂಗ್ ಗೆದ್ದದ್ದು ಇಂಥ ಬಿಳಿ ಕಟ್ಟಿನಿಂದ. ಆದರೆ ಅವನ ಪಟ್ಟಿಯಲ್ಲಿ ಒಂದು ಒಗಟಿದೆ. ‘ಸ್ಲೈಟ್ ಆಫ್ ಮೈಂಡ್’ ಎಂಬ ನೀಲಿ ಕಾರ್ಡು ಅದರಲ್ಲಿತ್ತು. ಅದಕ್ಕೆ ಬೇಕಾದ ನೀಲಿ ಮಾನಾ ಕೊಡುವ ಒಂದು ಭೂಮಿಯೂ ಇರಲಿಲ್ಲ! ಇಡೀ ಪಂದ್ಯಾವಳಿಯಲ್ಲಿ ಆ ಕಾರ್ಡನ್ನು ಆಡುವಂತೆಯೇ ಇರಲಿಲ್ಲ. ಇದರಲ್ಲಿ ಯಾವ ಗೂಢ ತಂತ್ರ ಅಡಗಿತ್ತು? ಏನೂ ಇಲ್ಲ. ಕಟ್ಟಿನ ಪಟ್ಟಿ ಬರೆದು ಕೊಡುವಾಗ ‘ಅಡಾರ್ಕರ್ ವೇಸ್ಟ್ಸ್’ ಎಂಬ ನಾಲ್ಕು ಭೂಮಿ ಕಾರ್ಡುಗಳು ಬಿಟ್ಟುಹೋಗಿದ್ದವು, ಅಷ್ಟೆ. ಹೀಗಿದ್ದೂ ಅವನು ಜಗಜಟ್ಟಿಯಾದ.

ಸ್ನೇಹಿತರೇ, ಈ ಪ್ರಸಂಗವನ್ನು ಬೇಕೆಂದೇ ಕೊನೆಗಿಟ್ಟುಕೊಂಡೆ. ವಿಚಿತ್ರ ಆಯ್ಕೆಯೆಲ್ಲ ಜಾಣತನವಲ್ಲ. ಗೆದ್ದೆತ್ತಿನ ಬಾಲ ಹಿಡಿಯುವ ನಮ್ಮ ಚಾಳಿ, ಗೆದ್ದವನ ತಪ್ಪಿಗೂ ಭಾಷ್ಯ ಬರೆಯುತ್ತದೆ. ಸೋತವನ ಜಾಣತನವನ್ನೂ ಹೀಗಳೆಯುತ್ತದೆ. ಶೇ. 40 ಎಂದರೆ ಹತ್ತರಲ್ಲಿ ಆರು ಸಲ ಸಿಗುವುದಿಲ್ಲವೆಂದೇ ಅರ್ಥ. ಸರಿಯಾದ ತೀರ್ಮಾನ ಸೋಲಬಹುದು, ತಪ್ಪು ತೀರ್ಮಾನ ಗೆಲ್ಲಬಹುದು. ಫಲಿತಾಂಶವೊಂದನ್ನೇ ನೋಡಿ ತೀರ್ಪು ಕೊಡುವವನು ಯಾವುದನ್ನೂ ಕಲಿಯಲಾರ.

ಹಾಗಾದರೆ ವಿಚಿತ್ರ ಕಟ್ಟೊಂದು ಎದುರಾದಾಗ ಏನು ಮಾಡಬೇಕು? ನಾಲ್ಕು ಪ್ರಶ್ನೆ ಕೇಳಿ ನೋಡಿ. ಈ ಕಾರ್ಡು ಕಟ್ಟಿನ ಉಳಿದ ಕಾರ್ಡುಗಳ ಜತೆ ಸೇರಿ ಏನು ಮಾಡುತ್ತದೆ? ಇದಕ್ಕಾಗಿ ಆಟಗಾರ ಏನನ್ನು ಬಿಟ್ಟುಕೊಟ್ಟಿದ್ದಾನೆ? ಯಾವ ಎದುರಾಳಿಯನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದಾನೆ? ನಾಲ್ಕನೆಯದು, ನಾವು ಮರೆಯುವ ಪ್ರಶ್ನೆ: ಅವನಿಗೆ ಬೇರೆ ಕಾರ್ಡು ಕೊಳ್ಳುವ ಶಕ್ತಿಯಿತ್ತೇ? ಅಪರೂಪದ ಒಂದು ಕಾರ್ಡಿಗೆ ಸಾವಿರಾರು ರೂಪಾಯಿ ಬೆಲೆಯಿರುವ ಆಟವಿದು. ಜೇಬಿನ ಮಿತಿಯನ್ನು ಬುದ್ಧಿಯ ಮಿತಿಯೆಂದು ಎಣಿಸುವುದು ಅನ್ಯಾಯ.

ದೊಡ್ಡ ಪಂದ್ಯಗಳು ಮುಗಿದ ಮೇಲೆ ಗೆದ್ದವರ ಪಟ್ಟಿ ಪ್ರಕಟವಾಗುತ್ತದೆ. ನೂರಾರು ಮಂದಿ ಅದನ್ನೇ ನಕಲು ಮಾಡುತ್ತಾರೆ. ಅದರಲ್ಲಿ ತಪ್ಪೇನಿಲ್ಲ. ಆದರೆ ಪಟ್ಟಿಯಲ್ಲಿ ಇಲ್ಲದ ಕಾರ್ಡು ತಂದ ಹೊಸಬನನ್ನು ಮೇಜಿನ ಸುತ್ತ ನಿಂತು ಗೇಲಿ ಮಾಡುವ ಪದ್ಧತಿ ಒಳ್ಳೆಯದಲ್ಲ. ಗೇಲಿಗೆ ನೊಂದ ಹುಡುಗ ಮರುವಾರ ಬರುವುದಿಲ್ಲ. ಗೇಲಿ ಮಾಡಿದವನಿಗೂ ನಷ್ಟವೇ: ಎದುರಾಳಿಯ ಯೋಚನೆ ಏನೆಂದು ಊಹಿಸುವ ಕೆಲಸವನ್ನು ಅವನು ಆಗಲೇ ಕೈಬಿಟ್ಟಿರುತ್ತಾನೆ. ಐರನ್‌ಕ್ಲಾ ಆರ್ಕ್ಸ್ ಕಂಡು ನಕ್ಕವರು ನಾಲ್ಕನೆಯ ಸರದಿಗೆ ತಮ್ಮ ಪ್ರಾಣಾಂಕ ಎಷ್ಟು ಉಳಿದಿದೆಯೆಂದು ಎಣಿಸಿಕೊಳ್ಳಬೇಕಾಯಿತು.

ಆದ್ದರಿಂದ ನನ್ನದೊಂದು ವಿನಂತಿ. ಇಂದು ಸಂಜೆ ಇಲ್ಲಿ ಆಟಕ್ಕೆ ಕೂರುವಾಗ, ಎದುರಿನವರು ನಿಮಗೆ ಅರ್ಥವಾಗದ ಕಾರ್ಡೊಂದನ್ನು ಇಟ್ಟರೆ ನಗಬೇಡಿ. ಆಟ ಮುಗಿದ ಮೇಲೆ ‘ಇದನ್ನು ಯಾಕೆ ಇಟ್ಟಿರಿ?’ ಎಂದು ಕೇಳಿ. ಉತ್ತರ ‘ಗೊತ್ತಿಲ್ಲ’ ಎಂದು ಬಂದರೆ ಇಬ್ಬರೂ ಕೂತು ಯೋಚಿಸಿ. ಉತ್ತರ ಬಂದರಂತೂ ಸರಿಯೇ, ಮುಂದಿನ ವಾರದ ನಿಮ್ಮ ಕಟ್ಟಿಗೆ ಒಂದು ಕಾರ್ಡು ಸಿಕ್ಕಂತಾಯಿತು.