ಬರವಣಿಗೆಯಲ್ಲಿ ಅಲಂಕಾರದ ಸ್ಥಾನ

(ಸಂಘದ ರಾಜ್ಯೋತ್ಸವದ ಸಾಹಿತ್ಯಗೋಷ್ಠಿಯಲ್ಲಿ ಮಾಡಿದ ಭಾಷಣ)



ಮುಂಬಯಿಯ ಈ ಕನ್ನಡ ಬಳಗದ ಮುಂದೆ ನಾಲ್ಕು ಮಾತು ಆಡಲು ಅವಕಾಶ ಕೊಟ್ಟ ಕಾರ್ಯಕಾರಿ ಸಮಿತಿಗೆ ಮೊದಲು ನನ್ನ ಕೃತಜ್ಞತೆಗಳು. ನಮ್ಮ ತರುಣ ತರುಣಿಯರಲ್ಲಿ ಕೆಲವರು ಕತೆ ಕವಿತೆ ಬರೆಯತೊಡಗಿದ್ದಾರೆ, ಅವರಿಗೆ ಉಪಯೋಗವಾಗುವಂಥದೇನಾದರೂ ಹೇಳಿರಿ ಎಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದರು. ಅದಕ್ಕಾಗಿ ಅಲಂಕಾರದ ವಿಷಯವನ್ನು ಆರಿಸಿಕೊಂಡಿದ್ದೇನೆ. ಅಲಂಕಾರವೆಂದೊಡನೆ ಶಾಲೆಯ ವ್ಯಾಕರಣ ನೆನಪಾಗಿ ಕೆಲವರಿಗೆ ಆಕಳಿಕೆ ಬಂದೀತು. ಸ್ವಲ್ಪ ತಾಳ್ಮೆಯಿರಲಿ, ಇದು ಪರೀಕ್ಷೆಯ ಮಾತಲ್ಲ, ಮನೆಯ ಮಾತು.

ಕನ್ನಡದಲ್ಲಿ ನಮಗೆ ದೊರೆತಿರುವ ಗ್ರಂಥಗಳಲ್ಲಿ ಅತ್ಯಂತ ಹಳೆಯದಾದ ‘ಕವಿರಾಜಮಾರ್ಗ’ವು ಒಂದು ಅಲಂಕಾರ ಗ್ರಂಥವೆಂಬುದು ಗಮನಿಸತಕ್ಕ ಸಂಗತಿ. ಕ್ರಿ.ಶ. 850ರ ಸುಮಾರಿಗೆ, ಈಗ ಕಲಬುರಗಿ ಜಿಲ್ಲೆಯಲ್ಲಿರುವ ಮಳಖೇಡದಲ್ಲಿ, ರಾಷ್ಟ್ರಕೂಟ ನೃಪತುಂಗನ ಆಸ್ಥಾನದಲ್ಲಿ ಅದು ಹುಟ್ಟಿತು. ಅದರ ಮೂರು ಪರಿಚ್ಛೇದಗಳಲ್ಲಿ ಎರಡನೆಯದು ಶಬ್ದಾಲಂಕಾರಕ್ಕೂ ಮೂರನೆಯದು ಅರ್ಥಾಲಂಕಾರಕ್ಕೂ ಮೀಸಲು. ಸಂಸ್ಕೃತದ ದಂಡಿಯನ್ನು ಬಹುಮಟ್ಟಿಗೆ ಅನುಸರಿಸಿದ ಆ ಪಂಡಿತನು ಒಂದು ಮಾತನ್ನು ಮಾತ್ರ ತನ್ನ ನಾಡಿನ ಜನರನ್ನೇ ಕಂಡು ಹೇಳಿದ್ದಾನೆ. ಉದ್ದೇಶಪೂರ್ವಕವಾಗಿ ಓದದಿದ್ದರೂ ಈ ಜನ ಕಾವ್ಯಪ್ರಯೋಗದಲ್ಲಿ ನಿಪುಣರು ಎಂಬುದೇ ಆತನ ಅಭಿಪ್ರಾಯ. ಓದದವರಿಗೆ ಈ ನಿಪುಣತೆ ಬಂದುದಾದರೂ ಎಲ್ಲಿಂದ? ಆಡುವ ಮಾತಿನಿಂದಲ್ಲದೆ ಬೇರೆಲ್ಲಿಂದ ಬಂದೀತು?

ನಮ್ಮ ಅಡಿಗೆಮನೆಯಲ್ಲಿ ದಿನವೂ ಕೇಳುವ ಮಾತುಗಳನ್ನೇ ನೋಡಿರಿ. ಅಸೂಯೆಗೆ ನಾವು ಹೊಟ್ಟೆಕಿಚ್ಚು ಎನ್ನುತ್ತೇವೆ. ತಪ್ಪನ್ನು ಕ್ಷಮಿಸುವುದಕ್ಕೆ ‘ಹೊಟ್ಟೆಗೆ ಹಾಕಿಕೊಳ್ಳಿ’ ಎನ್ನುತ್ತೇವೆ. ಹರಸುವಾಗ ‘ನಿನ್ನ ಹೊಟ್ಟೆ ತಣ್ಣಗಿರಲಿ’ ಎನ್ನುತ್ತೇವೆ. ಒಂದು ಹೊಟ್ಟೆಯಲ್ಲಿ ಬೆಂಕಿಯೂ ಉಂಟು, ಕ್ಷಮೆಯೂ ಉಂಟು, ಹರಕೆಯ ತಂಪೂ ಉಂಟು! ಮದುವೆಗೆ ‘ಊರಿಗೆ ಊರೇ ಬಂದಿತ್ತು’ ಎಂದಾಗ ಮನೆ ಬಾವಿಗಳು ಎದ್ದು ಬಂದುವೆಂದು ಯಾರೂ ತಿಳಿಯುವುದಿಲ್ಲ. ಶಾಸ್ತ್ರಜ್ಞರು ಲಕ್ಷಣಾವೃತ್ತಿ ಎಂದು ಕರೆಯುವುದು ಇದನ್ನೇ. ಹೊಸ್ತಿಲು ದಾಟುವಾಗ ‘ಹೋಗುತ್ತೇನೆ’ ಎನ್ನದೆ ‘ಬರುತ್ತೇನೆ’ ಎನ್ನುತ್ತೇವಲ್ಲ, ಊರು ಬಿಟ್ಟು ಬಂದ ನಮ್ಮಂಥವರಿಗೆ ಆ ಒಂದು ಮಾತಿನ ಭಾರ ಎಷ್ಟೆಂಬುದು ಗೊತ್ತು.

ಇನ್ನು ಬರವಣಿಗೆಗೆ ಬರೋಣ. ಉಪಮೆಗೆ ನಾಲ್ಕು ಅಂಗಗಳು: ವರ್ಣಿಸುವ ವಸ್ತು ಉಪಮೇಯ, ಹೋಲಿಕೆಗೆ ತರುವ ವಸ್ತು ಉಪಮಾನ, ಎರಡಕ್ಕೂ ಸಮಾನವಾದ ಧರ್ಮ, ‘ಹಾಗೆ’ ‘ಅಂತೆ’ ಎಂಬ ವಾಚಕ. ಇವೆರಡೂ ಬೇರೆಯಲ್ಲ, ಒಂದೇ ಎಂದುಬಿಟ್ಟರೆ ರೂಪಕ. ಲಕ್ಷಣ ಹೇಳುವುದು ಇಷ್ಟು ಸುಲಭ. ಕಷ್ಟವಿರುವುದು ಉಪಮಾನವನ್ನು ಎಲ್ಲಿಂದ ತರಬೇಕು ಎಂಬಲ್ಲಿ. ‘ಅಲಂ’ ಎಂದರೆ ಸಾಕು. ಮಾತನ್ನು ಸಾಕೆನ್ನಿಸುವಷ್ಟು ಸಮರ್ಥಗೊಳಿಸುವುದು ಅಲಂಕಾರ. ಅದಿಲ್ಲದೆಯೇ ಮಾತು ಸಾಕಾಗುವಲ್ಲಿ ಅದನ್ನು ತರಬಾರದು. ರಸದಲ್ಲಿ ಮುಳುಗಿದ ಕವಿಗೆ ಅಲಂಕಾರವು ಬೇರೆ ಪ್ರಯತ್ನವಿಲ್ಲದೆ ತಾನಾಗಿ ಒದಗಬೇಕು ಎಂದು 9ನೆಯ ಶತಮಾನದ ಆನಂದವರ್ಧನನ ಮತ. 11ನೆಯ ಶತಮಾನದ ಕ್ಷೇಮೇಂದ್ರನಾದರೋ ಡಾಬನ್ನು ಕೊರಳಿಗೂ ಹಾರವನ್ನು ಸೊಂಟಕ್ಕೂ ತೊಟ್ಟುಕೊಂಡವರನ್ನು ಕಂಡು ನಗದವರಾರು ಎಂಬರ್ಥದಲ್ಲಿ ಔಚಿತ್ಯವನ್ನು ಬೋಧಿಸಿದ.

ಚಂದ್ರನಂಥ ಮುಖ, ಕಮಲದಂಥ ಕಣ್ಣು, ದುಃಖಸಾಗರ ಇವು ಒಂದು ಕಾಲಕ್ಕೆ ಹೊಸ ನಾಣ್ಯಗಳು. ಕೈಯಿಂದ ಕೈಗೆ ದಾಟಿ ದಾಟಿ ಇಂದು ಮುದ್ರೆ ಸವೆದುಹೋಗಿದೆ. ಮುಂಬಯಿಯ ಕಡಲ ದಡದಲ್ಲಿದ್ದುಕೊಂಡೂ ನಾವು ‘ದುಃಖಸಾಗರದಲ್ಲಿ ಮುಳುಗಿದಳು’ ಎಂದು ಬರೆಯುತ್ತೇವೆ, ಎದ್ದು ಹೋಗಿ ಕಡಲನ್ನು ನೋಡುವುದಿಲ್ಲ. ನೋಡಿದವನಿಗೆ ಬೇರೆಯೇ ಒಂದು ಕಂಡೀತು. ಇಳಿತದ ಹೊತ್ತಿನಲ್ಲಿ ನೀರು ಹಿಂದೆ ಸರಿದಾಗ ಬಾಂದ್ರಾದ ದಡದಲ್ಲಿ ಅದುವರೆಗೆ ಮುಚ್ಚಿಕೊಂಡಿದ್ದ ಕಪ್ಪು ಬಂಡೆಗಳು ಮೈತೋರುತ್ತವೆ. ಸಾವಿನ ಮನೆಯಿಂದ ನೆಂಟರಿಷ್ಟರು ಹೊರಟುಹೋದ ಮೇಲೆ ಮನೆಯವರ ದುಃಖ ಬಯಲಾಗುವುದೂ ಹಾಗೆಯೇ ಅಲ್ಲವೆ? ಸಾಗರವೂ ಹಳೆಯದು, ದುಃಖವೂ ಹಳೆಯದು. ನೋಡಿದ ಕಣ್ಣು ಮಾತ್ರ ಹೊಸದು.

ಇಲ್ಲಿ ನಮ್ಮ ತರುಣರಿಗೆ ಒಂದು ಅಂಜಿಕೆಯುಂಟು. ನಾವು ಊರಿನಲ್ಲಿ ಬೆಳೆಯಲಿಲ್ಲ, ಹೊಲ ಗದ್ದೆ ಕಾಣೆವು, ನಮ್ಮ ಕನ್ನಡಕ್ಕೆ ಉಪಮಾನಗಳೆಲ್ಲಿ ಎಂದು ಅವರು ಕೇಳುತ್ತಾರೆ. ನಾನು ಹೇಳುವುದಿಷ್ಟೆ: ಹೊರನಾಡಿಗನ ಕೈಯಲ್ಲಿ ಒಂದಲ್ಲ, ಎರಡು ಕಣಜಗಳಿವೆ. ಬೆಳಗಿನ ಒಂಬತ್ತು ಗಂಟೆಗೆ ಚರ್ಚ್‌ಗೇಟಿಗೆ ಗಾಡಿ ಬಂದು ನಿಂತಾಗ ಜನ ಇಳಿಯುವುದನ್ನು ಕಂಡು, ‘ಚೀಲದ ಹೊಲಿಗೆ ಬಿಚ್ಚಿ ಜೋಳ ಸುರಿದಂತೆ’ ಎಂದು ವಿಜಾಪುರದ ಕಡೆಯ ಹಿರಿಯರೊಬ್ಬರು ಹೇಳಿಯಾರು. ಇಲ್ಲೇ ಹುಟ್ಟಿದ ಅವರ ಮೊಮ್ಮಗ ರಜೆಯಲ್ಲಿ ಊರಿಗೆ ಹೋಗಿ, ‘ಸಂತೆಯ ಬಸ್ಸು ಸಂಜೆಯ ವಿರಾರ್ ಗಾಡಿಯಾಗಿತ್ತು’ ಎಂದಾನು. ಹಿರಿಯರದು ಉಪಮೆ, ಹುಡುಗನದು ರೂಪಕ. ಎರಡೂ ಅಪ್ಪಟ ಕನ್ನಡವೇ. ಬೆಂಗಳೂರಿನವರಿಗೆ ಈ ಎರಡನೆಯದು ಹೊಳೆಯುವುದಾದರೂ ಹೇಗೆ?

ಇದಕ್ಕೆ ದೊಡ್ಡವರ ಸಾಕ್ಷಿಯೂ ಉಂಟು. ಉತ್ತರ ಕನ್ನಡದ ಹನೇಹಳ್ಳಿಯಿಂದ ಬಂದು ಮುಂಬಯಿಯಲ್ಲಿ ಬಾಳಿದ ಯಶವಂತ ಚಿತ್ತಾಲರು 1979ರಲ್ಲಿ ಹೊರತಂದ ಕಾದಂಬರಿಯ ಹೆಸರು ‘ಶಿಕಾರಿ’. ಅದರಲ್ಲಿ ಕಾಡಿಲ್ಲ, ಕೋವಿಯಿಲ್ಲ; ಇರುವುದು ಈ ನಗರ, ಅದರ ಕಂಪನಿ ಕಚೇರಿಗಳು, ಅಲ್ಲಿ ಮನುಷ್ಯನನ್ನು ಮನುಷ್ಯನೇ ಬೆನ್ನಟ್ಟುವ ಪರಿ. ಇಡೀ ಕಾದಂಬರಿಯನ್ನು ಆ ಒಂದು ರೂಪಕವೇ ಹೊತ್ತು ನಿಂತಿದೆ. ಕುಮಾರವ್ಯಾಸನನ್ನು ರೂಪಕ ಸಾಮ್ರಾಜ್ಯ ಚಕ್ರವರ್ತಿಯೆಂದು ಕೊಂಡಾಡುತ್ತೇವಷ್ಟೆ; ಆ ಸಾಮ್ರಾಜ್ಯದ ಗಡಿಯನ್ನು ಚಿತ್ತಾಲರು ಮುಂಬಯಿಯ ಕಚೇರಿಯವರೆಗೆ ತಂದರು.

ನೆರೆಭಾಷೆಗಳ ವಿಷಯದಲ್ಲಿ ಒಂದು ವಿವೇಕ ಬೇಕು. ‘ಅವನ ಬೇಳೆ ಬೇಯಲಿಲ್ಲ’ ಎಂಬುದು ಕನ್ನಡದಲ್ಲೂ ಉಂಟು, ಮರಾಠಿಯಲ್ಲೂ ಹಿಂದಿಯಲ್ಲೂ ಉಂಟು. ಮೂವರ ಒಲೆಯ ಮೇಲೂ ಇರುವುದು ಅದೇ ಬೇಳೆ. ಆದರೆ ಹಿಂದಿಯವರು ಸಂತೋಷದಲ್ಲಿ ಹೃದಯ ತೋಟವಾಯಿತೆಂದು ಹೇಳುವುದನ್ನು ಪದಕ್ಕೆ ಪದವಿಟ್ಟು ‘ನನ್ನ ಹೃದಯ ತೋಟ ತೋಟವಾಯಿತು’ ಎಂದರೆ ಕೇಳಿದವರು ನೀರು ಹಾಯಿಸಲು ಹೊರಟಾರು. ನಮ್ಮಲ್ಲಿ ಆ ಸಂತೋಷಕ್ಕೆ ‘ಸ್ವರ್ಗಕ್ಕೆ ಮೂರೇ ಗೇಣು’ ಎಂಬ ಮಾತುಂಟು. ಸ್ವರ್ಗವನ್ನು ಗೇಣಿನಿಂದ ಅಳೆಯುವ ಆ ಧೈರ್ಯವನ್ನು ಏಕೆ ಬಿಟ್ಟುಕೊಡಬೇಕು?

ನನಗೆ ಚಿಂತೆಯಿರುವುದು ಇಲ್ಲಿಯೇ. ನಮ್ಮ ಮಕ್ಕಳು ಕನ್ನಡದ ಶಬ್ದಗಳನ್ನು ಮರೆಯುತ್ತಿದ್ದಾರೆಂದು ನಾವು ಮರುಗುತ್ತೇವೆ. ನೀರು, ಅನ್ನ, ಬಾಗಿಲು ಇವು ಅಷ್ಟು ಬೇಗ ಹೋಗುವುದಿಲ್ಲ. ಮೊದಲು ಹೋಗುವುದು ಶಬ್ದಗಳ ಹಿಂದಿರುವ ಚಿತ್ರ. ‘ಊಟ ಆಯಿತೆ, ಬಾಗಿಲು ಹಾಕು’ ಎಂಬಷ್ಟಕ್ಕೆ ನಿಂತ ಭಾಷೆಯಲ್ಲಿ ವ್ಯವಹಾರ ನಡೆದೀತು. ನಗು, ಚುಚ್ಚುಮಾತು, ಸಮಾಧಾನ, ಪ್ರೀತಿ ನಡೆಯವು. ಅಜ್ಜಿಯ ಹರಕೆ ಕೇಳಿ, ‘ಹೊಟ್ಟೆ ಏಕೆ ತಣ್ಣಗಿರಬೇಕು ಅಜ್ಜಿ?’ ಎಂದು ಮೊಮ್ಮಗಳು ಕೇಳಿದರೆ ದಯವಿಟ್ಟು ನಕ್ಕು ಸುಮ್ಮನಾಗಬೇಡಿ. ಹಸಿವೂ ಸಂಕಟವೂ ಬೆಂಕಿಯಂತೆ ಸುಡುತ್ತವೆ, ಅವೆರಡೂ ನಿನಗೆ ಬಾರದಿರಲಿ ಎಂದು ಅದರ ಅರ್ಥ ಎಂದು ಹೇಳಿರಿ. ರೂಪಕದ ಮೊದಲ ಪಾಠ ಅಲ್ಲಿಗೆ ಮುಗಿಯಿತು.

ತರುಣ ಲೇಖಕರಿಗೆ ನನ್ನ ಸೂಚನೆಗಳು ಮೂರೇ. ಮನೆಯ ಹಿರಿಯರು ಆಡುವ ನುಡಿಗಟ್ಟು ಗಾದೆಗಳನ್ನು ಒಂದು ನೋಟುಪುಸ್ತಕದಲ್ಲಿ ಬರೆದಿಡಿ. ಮಂಗಳೂರಿನದಾಗಲಿ ಧಾರವಾಡದ್ದಾಗಲಿ, ಕೇಳಿದಂತೆಯೇ ಇರಲಿ. ಕಣ್ಣಾರೆ ಕಾಣದ ವಸ್ತುವನ್ನು ಉಪಮಾನವಾಗಿ ತರಬೇಡಿ. ಬರೆದಾದ ಮೇಲೆ ಒಂದೊಂದು ಹೋಲಿಕೆಯನ್ನೂ ತೆಗೆದು ಓದಿ ನೋಡಿ. ಅದಿಲ್ಲದೆ ವಾಕ್ಯ ಕುಂಟದಿದ್ದರೆ ಅದು ಬೇಡವಾದ ಒಡವೆಯೆಂದು ತಿಳಿಯಿರಿ.

ಓದದೆಯೂ ನಿಪುಣರಾದ ಜನವೆಂದು ಸಾವಿರಕ್ಕೂ ಮಿಕ್ಕಿದ ವರ್ಷಗಳ ಹಿಂದೆ ಹೊಗಳಿಸಿಕೊಂಡವರ ಮಕ್ಕಳು ನಾವು. ಓದಿಯೂ ಮಾತು ಬಾರದವರೆಂಬ ಹೆಸರು ನಮ್ಮ ಮಕ್ಕಳಿಗೆ ಬಾರದಂತೆ ನೋಡಿಕೊಳ್ಳುವುದು ನಮ್ಮ ನಮ್ಮ ಮನೆಯ ಕೆಲಸ.  ಬರುತ್ತೇನೆ.